45 ಎಚ್‌ಪಿ ಟ್ರ್ಯಾಕ್ಟರ್‌ಗೆ ಹಿಂದಿನ ಟೈರ್: ಗದ್ದೆಗೂ ಕಬ್ಬಿನ ಲೋಡಿಗೂ ಒಂದೇ ಜೋಡಿ ಸಾಕಾ?

ಕೊಪ್ಪ ಹೋಬಳಿ ರೈತ

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕು ಕೊಪ್ಪದ ಕಡೆಯವನು. ನಮ್ಮದು 45 ಎಚ್‌ಪಿ, ಟೂ ವೀಲ್ ಡ್ರೈವ್ ಗಾಡಿ. ಹಿಂದಿನ ಟೈರ್ 13.6-28, ಗಾಡಿ ಜೊತೆ ಬಂದ ಜೋಡಿಯೇ ಇಲ್ಲೀವರೆಗೆ ಓಡಿತು. ಈಗ ನಡುವಿನ ಹಲ್ಲೆಲ್ಲ ಸವೆದು ಬೋಳಾಗಿದೆ. ಮಳೆ ಬಿದ್ದ ಮೇಲೆ ಕಲ್ಟಿವೇಟರ್ ಇಳಿಸಿದರೆ ಚಕ್ರ ನಿಂತಲ್ಲೇ ಸುತ್ತುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ನಾಲೆಗೆ ನೀರು ಬಿಡೋದರೊಳಗೆ ಹೊಸದು ಹಾಕಿಸಬೇಕು.

ನಮ್ಮ ಕೆಲಸ ಹೇಳ್ತೀನಿ. ನಾಲ್ಕು ಎಕರೆ ಭತ್ತದ ಗದ್ದೆ, ಮೂರು ಎಕರೆ ಕಬ್ಬು. ಕಾರ್ಖಾನೆ ಅರೆಯೋ ಕಾಲಕ್ಕೆ ನಮ್ಮದು ಮತ್ತೆ ಅಕ್ಕಪಕ್ಕದವರ ಕಬ್ಬು ಹೊಡೀತೀವಿ. ಮುಂಗಾರಿನಲ್ಲಿ ಊರೊಳಗೆ ಬಾಡಿಗೆ ಉಳುಮೆನೂ ಇರುತ್ತೆ.

ಒಂದು ಅಂಗಡಿಯಲ್ಲಿ ಕೇಳಿದರೆ ಉದ್ದ ಹಲ್ಲಿನ ಭತ್ತದ ಟೈರ್ ಹಾಕಿ ಅಂತಾರೆ. ಇನ್ನೊಬ್ಬರು 14.9 ಹಾಕಿ, ಹಿಡಿತ ಜಾಸ್ತಿ ಅಂತಾರೆ. ನಮ್ಮ ಭಾವ ರೇಡಿಯಲ್ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ. ದುಡ್ಡು ಕಡಿಮೆಯದಲ್ಲ, ಒಂದು ಸಲ ಹಾಕಿಸಿದರೆ ವರ್ಷಗಟ್ಟಲೆ ಅದರ ಮೇಲೇ ಓಡಬೇಕು. ಬಳಸಿ ನೋಡಿದವರು ಹೇಳಿ.

ಮಳವಳ್ಳಿ ಬಾಡಿಗೆ ಗಾಡಿ

ಅಣ್ಣ, ಮೊದ್ಲು ಒಂದು ಹೇಳು. ವರ್ಷದಲ್ಲಿ ನಿನ್ ಗಾಡಿ ಜಾಸ್ತಿ ಓಡೋದು ಎಲ್ಲಿ? ಗದ್ದೇಲೋ, ಡಾಂಬರ್ ರೋಡಲ್ಲೋ? ಇದುಕ್ಕೆ ಉತ್ತರ ಸಿಕ್ರೆ ಟೈರ್ ಯಾವುದು ಅಂತ ತಾನಾಗೇ ಗೊತ್ತಾಯ್ತದೆ. ಭತ್ತದ ಟೈರ್ ಹಾಕಂಡು ಕಬ್ಬು ಹೊಡುದ್ರೆ ಒಂದು ಸೀಸನ್ನಲ್ಲಿ ಹಲ್ಲು ಅರ್ಧ ಹೋಯ್ತದೆ. ರೋಡ್ ಮೇಲೆ ಕುಲುಕಾಟನೂ ಜಾಸ್ತಿ, ಸೀಟಲ್ಲಿ ಕೂರಕ್ಕಾಗಕಿಲ್ಲ.

ಕೊಪ್ಪ ಹೋಬಳಿ ರೈತ

ಗಂಟೆ ಲೆಕ್ಕ ಹಾಕಿದರೆ ರೋಡೇ ಹೆಚ್ಚು ಅಣ್ಣ. ಕಬ್ಬು ಹೊಡೆಯೋ ತಿಂಗಳುಗಳಲ್ಲಿ ಪೂರ್ತಿ ಅದೇ ಕೆಲಸ. ಕೆಸರು ಹೊಡೆಯೋದು ನಾಟಿ ಹೊತ್ತಿಗೆ ಮಾತ್ರ. ಆದರೆ ಗಾಡಿ ಕೈಕೊಡೋದು ಅದೇ ಕೆಸರಲ್ಲಿ.

ಅಗ್ರಿ ಎಂಜಿನಿಯರಿಂಗ್ ಮಂಡ್ಯ

ಕೃಷಿ ಎಂಜಿನಿಯರಿಂಗ್ ಓದಿದವನು, ಮನೆಯಲ್ಲಿ ಬೇಸಾಯವೂ ಇದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೈರಿನ ಪಕ್ಕದಲ್ಲಿ ಸಣ್ಣದಾಗಿ ಆರ್-1, ಆರ್-2 ಎಂದು ಅಚ್ಚಾಗಿರುತ್ತದೆ. ನಮ್ಮ ಕಡೆ ಹೊಸ ಗಾಡಿಗಳ ಜೊತೆ ಬರುವುದು ಹೆಚ್ಚಾಗಿ ಆರ್-1. ಒಣ ಹೊಲ, ಹದವಾದ ನೆಲ, ರಸ್ತೆ ಮೂರಕ್ಕೂ ಹೊಂದಿಕೊಳ್ಳುವ ಸಾಮಾನ್ಯ ಹಲ್ಲು ಇದರದು. ಆರ್-1ಡಬ್ಲ್ಯು ಎಂದಿದ್ದರೆ ಹಲ್ಲು ಅದಕ್ಕಿಂತ 20-25 ಪರ್ಸೆಂಟ್ ಆಳ, ತೇವದ ನೆಲಕ್ಕೆ ಒಳ್ಳೆಯದು. ಆರ್-2 ಎಂದರೆ ಅಂಗಡಿಯವರು ಹೇಳಿದ ಭತ್ತದ ಟೈರ್. ಇದರ ಹಲ್ಲು ಆರ್-1ಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಉದ್ದ, ಹಲ್ಲುಗಳ ನಡುವೆ ಜಾಗವೂ ಹೆಚ್ಚು. ಮೆತ್ತಿದ ಕೆಸರು ಸುತ್ತುವಾಗ ತಾನಾಗಿ ಉದುರುತ್ತದೆ. ಉದ್ದ ಹಲ್ಲು ಕೆಸರಿನ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿ ಗಾಡಿಯನ್ನು ತಳ್ಳುತ್ತದೆ.

ಆ ಗಟ್ಟಿ ನೆಲದ ಬಗ್ಗೆ ಎಚ್ಚರ ಬೇಕು. ವರ್ಷ ವರ್ಷ ಕೆಸರು ಹೊಡೆದ ಗದ್ದೆಯಲ್ಲಿ ಉಳುಮೆಯ ಆಳಕ್ಕಿಂತ ಕೆಳಗೆ ಒಂದು ಗಟ್ಟಿ ಪದರ ಕೂತಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದು ಅದರಿಂದಲೇ. ಚಕ್ರದಲ್ಲಿ ನೀರು ತುಂಬಿಸಿ, ಮೇಲೆ ಕಬ್ಬಿಣದ ತೂಕ ಕಟ್ಟಿ, ಉದ್ದ ಹಲ್ಲಿನ ಟೈರಿನಲ್ಲಿ ನಿಂತಲ್ಲೇ ಸುತ್ತಿಸಿದರೆ ಆ ಪದರ ಒಡೆಯುತ್ತದೆ. ಆಮೇಲೆ ಆ ಜಾಗದಲ್ಲಿ ನೀರೂ ಇಂಗಿ ಹೋಗುತ್ತದೆ, ಮುಂದಿನ ವರ್ಷ ಗಾಡಿಯೂ ಅಲ್ಲೇ ಹೂಳುತ್ತದೆ. ಹೂಳಿಕೊಂಡಾಗ ಆಕ್ಸಿಲರೇಟರ್ ಒತ್ತಿ ಸುತ್ತಿಸಬೇಡಿ ಎಂದು ಹಿರಿಯರು ಹೇಳುವುದು ಸರಿಯಾದ ಮಾತು.

ನಾಲ್ಕು ಎಕರೆ ಗದ್ದೆಗೆ, ಅದೂ ವರ್ಷದಲ್ಲಿ ಕೆಲವೇ ದಿನದ ಕೆಲಸಕ್ಕೆ, ಆರ್-2 ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆರ್-1 ಹಾಕಿಸಿ, ಕೆಸರಿಗೆ ಕೇಜ್ ವೀಲ್ (ಹಿಂದಿನ ಚಕ್ರಕ್ಕೆ ಕಟ್ಟುವ ಕಬ್ಬಿಣದ ಪಂಜರದಂಥ ಚಕ್ರ) ಸೇರಿಸಿ.

ಪಾಂಡವಪುರ ನಾಲೆ ಬದಿ

ಸರ್ ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟು, ತಗ್ಗು ಗದ್ದೆ, ಬೇಸಿಗೆಯಲ್ಲೂ ಜೌಗು ಆರಲ್ಲ. ಬೇರೆಯವರ ಗದ್ದೆನೂ ಹಿಡಿದು ಕೆಸರು ಹೊಡೀತೀವಿ, ನಾಟಿ ಕಾಲದಲ್ಲಿ ಗಾಡಿ ಮನೆಗೇ ಬರಲ್ಲ. ಕಬ್ಬಿನ ಲೋಡು ಹೊಡೆಯಲ್ಲ. ನಮಗೆ ಭತ್ತದ ಟೈರೇ ಸರಿ. ಪ್ರತಿ ಗದ್ದೆಗೂ ಕೇಜ್ ವೀಲ್ ಬಿಚ್ಚು, ಕಟ್ಟು ಅಂದರೆ ಇಬ್ಬರು ಆಳು ಬೇಕು, ಹೊತ್ತು ಹೋಗುತ್ತೆ. ಹಾಗಾಗಿ ಎಲ್ಲರಿಗೂ ಬೇಡ ಅನ್ನಬೇಡಿ ಸರ್.

ಅಗ್ರಿ ಎಂಜಿನಿಯರಿಂಗ್ ಮಂಡ್ಯ

ನಿಮ್ಮ ಕೆಲಸಕ್ಕೆ ಅದು ಸರಿಯೇ, ಒಪ್ಪಿದೆ. ನಾನು ಹೇಳಿದ್ದು ಕೊಪ್ಪದವರಿಗೆ.

ಮೈಸೂರು ಟೈರ್ ಕೆಲಸ

ಮೈಸೂರಿನಲ್ಲಿ ಟೈರ್ ಫಿಟ್ಟಿಂಗ್ ಕೆಲಸ ನಮ್ಮದು. 14.9 ಬಗ್ಗೆ ಹೇಳ್ತೀನಿ, ಯಾಕಂದರೆ ವಾರಕ್ಕೆ ಒಬ್ಬರಾದರೂ ಇದನ್ನೇ ಕೇಳ್ಕೊಂಡು ಬರ್ತಾರೆ.

13.6-28 ಅಂದರೆ ಟೈರಿನ ಅಗಲ 13.6 ಇಂಚು, ಒಳಗಿನ ರಿಮ್ 28 ಇಂಚು. 14.9-28 ಕೂಡ 28 ಇಂಚಿನ ರಿಮ್ಮೇ. ಅದಕ್ಕೇ ಜನ ಹಂಗೇ ಕೂರುತ್ತೆ ಅಂದ್ಕೋತಾರೆ. ಕೂರೋದು ಬಿಡೋದು ರಿಮ್ಮಿನ ಅಗಲದ ಮೇಲಿದೆ. ನಿಮ್ಮ ರಿಮ್ ಮೇಲೆ ಡಬ್ಲ್ಯು11 (ಅಂದರೆ 11 ಇಂಚು ಅಗಲ) ಅಂತ ಪಂಚ್ ಆಗಿದ್ದರೆ 14.9 ಆಸೆ ಬಿಟ್ಟುಬಿಡಿ. ಡಬ್ಲ್ಯು12 ಆದರೆ ಕೂರುತ್ತೆ. ಡಬ್ಲ್ಯು13 ಆದರೆ ಅದಕ್ಕೇ ಹೇಳಿ ಮಾಡಿಸಿದ್ದು. ಕಿರಿದಾದ ರಿಮ್ಮಿಗೆ ದೊಡ್ಡ ಟೈರ್ ತುರುಕಿದರೆ ಟೈರಿನ ಹೊಟ್ಟೆ ಉಬ್ಬಿ, ನಡುವಿನ ಹಲ್ಲು ಮಾತ್ರ ನೆಲ ಮುಟ್ಟುತ್ತೆ, ಅದೇ ಬೇಗ ಸವೆಯುತ್ತೆ.

ಎತ್ತರನೂ ಸುಮಾರು ಎರಡು ಇಂಚು ಜಾಸ್ತಿ ಆಗುತ್ತೆ. ಮಡ್‌ಗಾರ್ಡ್‌ಗೆ ತಾಗುತ್ತಾ ನೋಡಬೇಕು. ಅದೇ ಗೇರಲ್ಲಿ ಗಾಡಿ ಸ್ವಲ್ಪ ಬಿರುಸಾಗಿ ಹೋಗುತ್ತೆ, ಎಳೆಯೋ ಬಲ ಅಷ್ಟರ ಮಟ್ಟಿಗೆ ಕಡಿಮೆ ಆಗುತ್ತೆ. ಫೋರ್ ವೀಲ್ ಡ್ರೈವ್ ಇರೋರು ಇದನ್ನ ಮಾಡಲೇಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಕಂಪನಿಯವರು ಲೆಕ್ಕ ಹಾಕಿ ಗೇರ್ ಕೂರಿಸಿರ್ತಾರೆ. ಹಿಂದಿನದು ಮಾತ್ರ ದೊಡ್ಡದು ಮಾಡಿದರೆ ಮುಂದಿನ ಟೈರ್ ಎಳೆಸಿಕೊಂಡು ಸವೆಯುತ್ತೆ, ಡಿಫರೆನ್ಷಿಯಲ್‌ಗೂ ಏಟು.

ಕೆ.ಆರ್. ಪೇಟೆ ಅಕ್ಕ

ಕಬ್ಬಿನ ಸಾಲಿನ ವಿಷಯ ಯಾರೂ ಹೇಳಲಿಲ್ಲ. ನಮ್ಮದು ಮೂರು ಅಡಿ ಸಾಲಿನ ಹಳೇ ನಾಟಿ ಇತ್ತು, ಈಗ ನಾಲ್ಕೂವರೆ ಅಡಿಗೆ ತಂದಿದ್ದೀವಿ. ಮೂರು ಅಡಿಯಲ್ಲಿ ದೊಡ್ಡ ಗಾಡಿ ಇಳಿಸೋ ಮಾತೇ ಇಲ್ಲ. ಸಾಲು ಅಗಲ ಇದ್ದರೂ 14.9 ಹಾಕಿದರೆ ಮೊಳಕೆ ಮೇಲೆ ಹತ್ತುತ್ತೆ. ಮಣ್ಣು ಏರಿಸೋಕೆ, ಕಳೆ ತೆಗೆಯೋಕೆ ಕಿರಿದಾದ ಟೈರೇ ಬೇಕು. ನಾನು ಅದಕ್ಕೆ ಸಣ್ಣ ಗಾಡಿ ಇಟ್ಟುಕೊಂಡಿದ್ದೀನಿ. ನಿಮ್ಮ ಹತ್ತಿರ ಒಂದೇ ಗಾಡಿ ಇದ್ದರೆ 13.6ರಲ್ಲೇ ಇರಿ ತಮ್ಮ.

ಇನ್ನೊಂದು, ಕೂಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರೋ ಕಬ್ಬು) ಹೊಲಕ್ಕೆ ಗಾಡಿ ಇಳಿಸೋರು ಟೈರಿನ ಪಕ್ಕೆ ನೋಡಿಕೊಳ್ಳಿ. ಕಬ್ಬು ಕಡಿಯೋರು ಓರೆಯಾಗಿ ಕಡಿದ ಮೋಟು ಒಣಗಿದರೆ ಉಳಿ ಇದ್ದ ಹಾಗೆ. ಹಲ್ಲಿರೋ ಕಡೆ ರಬ್ಬರ್ ದಪ್ಪ ಇರುತ್ತೆ, ಅಲ್ಲಿಗೆ ಏನೂ ಆಗಲ್ಲ. ಪಕ್ಕೆಗೆ ಹೊಡೆದರೆ ಪಂಕ್ಚರ್ ಅಂಗಡಿಯವನೂ ಕೈಚೆಲ್ಲುತ್ತಾನೆ. ನೆಲಮಟ್ಟಕ್ಕೆ ಕಡಿಸಿ. ಅದರಿಂದ ಕೂಳೆನೂ ಚೆನ್ನಾಗಿ ಒಡೆಯುತ್ತೆ.

ಕೊಪ್ಪ ಹೋಬಳಿ ರೈತ

ಥ್ಯಾಂಕ್ಸ್ ಅಕ್ಕ. ನಮ್ಮದು ನಾಲ್ಕು ಅಡಿ ಸಾಲು. ಹಾಗಾದರೆ 14.9 ಕೈಬಿಟ್ಟೆ. ರಿಮ್ ನೋಡಿದೆ, ಡಬ್ಲ್ಯು12 ಅಂತ ಇದೆ. ರೇಡಿಯಲ್ ಬಗ್ಗೆ ಏನಂತೀರಿ?

ತಿ. ನರಸೀಪುರ ಎರೆ ಹೊಲ

ನಾನು ರೇಡಿಯಲ್ ಹಾಕಿದ್ದೀನಿ, ಖುಷಿಯಾಗಿದ್ದೀನಿ. ನಮ್ಮದು ಎರೆ ನೆಲ. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಕಲ್ಲು. ಪಲ್ಟಿ ನೇಗಿಲು ಹಾಕಿದಾಗ ಚಕ್ರ ಸುತ್ತೋದು ಕಣ್ಣಿಗೆ ಕಾಣೋ ಹಾಗೆ ಕಡಿಮೆ ಆಯ್ತು, ಡೀಸೆಲ್ಲೂ ಉಳೀತು. ಗಾಡಿ ಹೋದ ಕಡೆ ನೆಲ ಅಷ್ಟು ಅಡಕ ಆಗಲ್ಲ. ಬೆಲೆ ಜಾಸ್ತಿ, ಅದು ನಿಜ.

ಅಗ್ರಿ ಎಂಜಿನಿಯರಿಂಗ್ ಮಂಡ್ಯ

ನರಸೀಪುರದವರ ಅನುಭವಕ್ಕೆ ಕಾರಣ ಇದೆ. ಸಾಮಾನ್ಯ ಟೈರಿನಲ್ಲಿ ನೈಲಾನ್ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಓರೆಯಾಗಿ ಕೂತಿರುತ್ತವೆ, ಪಕ್ಕೆಯೂ ಮೇಲ್ಭಾಗವೂ ಒಂದೇ ಗಟ್ಟಿ. ರೇಡಿಯಲ್‌ನಲ್ಲಿ ನೂಲು ಈ ಅಂಚಿನಿಂದ ಆ ಅಂಚಿಗೆ ನೇರ ಹೋಗುತ್ತದೆ, ಹಲ್ಲಿನ ಕೆಳಗೆ ಮಾತ್ರ ಸುತ್ತಲೂ ಪಟ್ಟಿ ಇರುತ್ತದೆ. ಪಕ್ಕೆ ಮೆತ್ತಗಿರುವುದರಿಂದ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿ ಕೂರುತ್ತದೆ. ಹೆಚ್ಚು ಹಲ್ಲು ಒಟ್ಟಿಗೆ ನೆಲ ಹಿಡಿಯುತ್ತದೆ, ತೂಕ ಹಂಚಿ ಹೋಗುತ್ತದೆ. ಅಳತೆಯನ್ನೂ ಬೇರೆ ರೀತಿ ಬರೆಯುತ್ತಾರೆ, 340/85 ಆರ್ 28 ಎಂದಿದ್ದರೆ ಅದು ನಿಮ್ಮ 13.6ರ ಜೋಡಿ.

ಆದರೆ ಅದೇ ಮೆತ್ತನೆಯ ಪಕ್ಕೆಗೆ ಅಕ್ಕ ಹೇಳಿದ ಕಬ್ಬಿನ ಮೋಟು ಮೊದಲ ಶತ್ರು. ದೊಡ್ಡ ಹಿಡುವಳಿ, ಒಣ ಉಳುಮೆ ಹೆಚ್ಚು, ಮೋಟು ಕಲ್ಲು ಕಡಿಮೆ ಇದ್ದರೆ ರೇಡಿಯಲ್ ಹಾಕಿದ ದುಡ್ಡು ಡೀಸೆಲ್‌ನಲ್ಲಿ ವಾಪಸ್ ಬರುತ್ತದೆ. ಏಳು ಎಕರೆ, ಕೂಳೆ ಕಬ್ಬು, ಓವರ್‌ಲೋಡ್ ಟ್ರೇಲರ್ ಇರುವಲ್ಲಿ ನಾನಂತೂ ಸಲಹೆ ಕೊಡುವುದಿಲ್ಲ. ಏನೇ ಮಾಡಿ, ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಸಾಮಾನ್ಯ ಟೈರ್ ಮಾತ್ರ ಹಾಕಬೇಡಿ.

ನಾಗಮಂಗಲ ರಾಗಿ ಹೊಲ

ನಮ್ ಕಡೆ ನಾಲೆ ಇಲ್ಲ, ಕೆಸರಿಲ್ಲ. ಕೆಂಪು ನೆಲ, ನೊರಜು ಕಲ್ಲು, ಬದೀಲೆಲ್ಲ ಜಾಲಿ ಮುಳ್ಳು. ಮಳೆ ಬಂದ್ ಎರಡು ದಿನ್ದಲ್ಲಿ ಹದ ಹೋಯ್ತದೆ, ಅಷ್ಟರಲ್ಲಿ ಉತ್ತು ಬಿತ್ಬೇಕು. ಸಾದಾ ಆರ್-1 ಸಾಕು. ಆದ್ರೆ ಹಲ್ಲು ಚೆನ್ನಾಗಿರ್ಬೇಕು, ಟ್ಯೂಬ್ ಹೊಸ್ದಿರ್ಬೇಕು. ಹೊಸ ಟೈರ್‌ಗೆ ಹಳೇ ಟ್ಯೂಬ್ ಹಾಕೋರ್ನ ನೋಡಿದ್ರೆ ನಂಗೆ ಹೊಟ್ಟೆ ಉರಿತದೆ. ಹಿಗ್ಗಿರೋ ಟ್ಯೂಬ್ ಒಳ್ಗೆ ಮಡಿಚ್ಕಂಡು ಅಲ್ಲೇ ತೂತಾಯ್ತದೆ. ಬಿತ್ನೆ ಹೊತ್ತಲ್ಲಿ ಪಂಕ್ಚರ್ ಆಗಿ ಅರ್ಧ ದಿನ ಹೋದ್ರೆ ಆ ಹದ ಮತ್ತೆ ಬರಾಕಿಲ್ಲ.

ಮಳವಳ್ಳಿ ಬಾಡಿಗೆ ಗಾಡಿ

ಲೋಡ್ ಹೊಡೆಯೋರು ಪ್ಲೈ ನೋಡಿ. 8 ಪಿಆರ್, 12 ಪಿಆರ್ ಅಂತ ಬರ್ದಿರ್ತದೆ. ಕಬ್ಬಿಗೆ ಹಿಂದುಕ್ಕೆ 12 ತಗಳಿ. ಟ್ರೇಲರ್ ಮೂತಿ ಭಾರ ಎಲ್ಲಾ ಬೀಳೋದು ಹಿಂದಿನ್ ಚಕ್ರದ ಮೇಲೆ. ಗಾಳಿ ಕಮ್ಮಿ ಇಟ್ಕಂಡು ಲೋಡ್ ಹೊಡುದ್ರೆ ಪಕ್ಕೇಲಿ ಬಿರುಕು ಬರ್ತದೆ. ಗಾಳಿ ಜಾಸ್ತಿ ಇಟ್ಕಂಡು ಹೊಲುಕ್ಕೆ ಇಳುಸುದ್ರೆ ಹಿಡಿತ ಇಲ್ಲ. ಕೊಪ್ಪದ ಅಣ್ಣನ ಟೈರ್ ನಡೂಕೆ ಬೋಳಾಗಿರೋದು ರೋಡ್ ಗಾಳೀಲೇ ವರ್ಷ ಪೂರ್ತಿ ಓಡ್ಸಿರೋದ್ರಿಂದ್ಲೇ ಅಂತ ನಂಗನ್ನುಸ್ತದೆ.

ಅಗ್ರಿ ಎಂಜಿನಿಯರಿಂಗ್ ಮಂಡ್ಯ

ಸರಿಯಾಗಿ ಹೇಳಿದಿರಿ. 12 ಪಿಆರ್ ಎಂದರೆ ಒಳಗೆ ಎಣಿಸಿ ಹನ್ನೆರಡು ಪದರ ಇದೆ ಎಂದಲ್ಲ, ಎಷ್ಟು ಭಾರ ತಡೆಯುತ್ತದೆ ಎಂಬುದರ ದರ್ಜೆ ಅದು.

ಗಾಳಿ ವಿಷಯದಲ್ಲಿ, ಸಾಮಾನ್ಯ ಟೈರಿಗೆ ಹೊಲದ ಕೆಲಸಕ್ಕೆ ಹಿಂದೆ 12ರಿಂದ 14 ಪಿಎಸ್‌ಐ, ಲೋಡು ಹೊಡೆಯುವಾಗ 18-20ರ ಹತ್ತಿರ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ನಿಮ್ಮ ಮಾಡೆಲ್‌ಗೆ ಏನಿದೆಯೋ ಅದನ್ನೇ ಪಾಲಿಸಿ. ಲಾರಿಗೆ ಗಾಳಿ ಹಾಕುವ ಅಂಗಡಿಯ ಮೀಟರ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡದ ಗೇಜ್ ಒಂದು ಮನೆಯಲ್ಲಿರಲಿ.

ಹಿಡಿತ ಸಾಲದು ಎಂದು ಅನ್ನಿಸುವವರು ಟೈರ್ ಬದಲಿಸುವ ಮೊದಲು ಹೊಲದಲ್ಲೇ ಅಳೆದು ನೋಡಬಹುದು. ಹಿಂದಿನ ಟೈರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೇಗಿಲು ಇಳಿಸಿ ಉಳುತ್ತಾ ಚಕ್ರ ಹತ್ತು ಸುತ್ತು ಸುತ್ತಲಿ. ಶುರುವಿಗೊಂದು, ಕೊನೆಗೊಂದು ಗೂಟ ನೆಡಿ. ಈಗ ನೇಗಿಲು ಎತ್ತಿ ಅದೇ ಗೂಟದಿಂದ ಗೂಟಕ್ಕೆ ಓಡಿಸಿ ಸುತ್ತು ಎಣಿಸಿ. ಎಂಟೂವರೆ ಸುತ್ತು ಬಂದರೆ 15 ಪರ್ಸೆಂಟ್ ಜಾರುತ್ತಿದೆ ಎಂದರ್ಥ. 8ರಿಂದ 15ರೊಳಗೆ ಇದ್ದರೆ ಸರಿ. ಏಳು ಸುತ್ತೇ ಬಂದರೆ 30 ಪರ್ಸೆಂಟ್, ಹತ್ತು ಲೀಟರಿನಲ್ಲಿ ಎಷ್ಟೋ ಡೀಸೆಲ್ ಮಣ್ಣು ಕೆರೆಯುವುದಕ್ಕೇ ಹೋಗುತ್ತಿದೆ. ಜಾರುವುದು ತೀರಾ ಕಡಿಮೆ ಬಂದರೂ ಒಳ್ಳೆಯದಲ್ಲ, ಗಾಡಿ ಮೇಲೆ ಬೇಡದ ತೂಕ ಹೊತ್ತಿದ್ದೀರಿ ಎಂದಾಗುತ್ತದೆ.

ಈ ಲೆಕ್ಕವನ್ನು ನಮ್ಮ ರೈತರೆಲ್ಲ ಒಮ್ಮೆ ಮಾಡಬೇಕು ಎಂಬುದು ನನ್ನ ಆಸೆ. ಟೈರ್ ಕೆಟ್ಟಿದೆಯೋ, ಗಾಳಿ ತಪ್ಪಿದೆಯೋ, ತೂಕ ಸಾಲದೋ ಎಂದು ಅಂಗಡಿಗೆ ಹೋಗುವ ಮೊದಲೇ ತಿಳಿಯುತ್ತದೆ.

ಪಾಂಡವಪುರ ನಾಲೆ ಬದಿ

ಇದು ಒಳ್ಳೇದು ಸರ್, ನಾಳೆನೇ ನಮ್ಮ ಮೇಲಿನ ಹೊಲದಲ್ಲಿ ಮಾಡಿ ನೋಡ್ತೀನಿ.

ಕೊಪ್ಪ ಹೋಬಳಿ ರೈತ

ಹಾಗಾದರೆ 13.6-28, ಆರ್-1, 12 ಪಿಆರ್, ಸಾಮಾನ್ಯ ಟೈರ್. ಕೇಜ್ ವೀಲ್ ನಮ್ಮ ಚಿಕ್ಕಪ್ಪನ ಮನೆಯಲ್ಲಿದೆ, ಅವರದೂ ಇದೇ ಅಳತೆ. ಯಾವ ಕಂಪನಿದು ತಗೊಳ್ಳಲಿ?

ಮೈಸೂರು ಟೈರ್ ಕೆಲಸ

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಗುಡ್‌ಇಯರ್, ಬಿಕೆಟಿ ಎಲ್ಲರದೂ ಈ ಅಳತೆ ಬರುತ್ತೆ. ಕಂಪನಿ ಹೆಸರಿಗಿಂತ ನಿಮ್ಮ ಊರಿಗೆ ಹತ್ತಿರ ಯಾರ ಡೀಲರ್ ಇದ್ದಾರೆ, ಕಂಪ್ಲೇಂಟ್ ಬಂದರೆ ಯಾರು ಬಂದು ನೋಡ್ತಾರೆ ಅನ್ನೋದು ಮುಖ್ಯ. ನಮ್ಮ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೇ ಟೈರ್ ಕಾರ್ಖಾನೆ ಇದೆ. ವಿಕ್ರಾಂತ್ ಅಂತ ಇದ್ದದ್ದನ್ನ 1997ರಲ್ಲಿ ಜೆಕೆಯವರು ತಗೊಂಡರು. ಇವತ್ತಿಗೂ ಹಳಬರು ವಿಕ್ರಾಂತ್ ಫ್ಯಾಕ್ಟರಿ ಅಂತಲೇ ಕರೆಯೋದು. ಊರಿನ ಅಭಿಮಾನ ಇದ್ದೇ ಇದೆ. ಆದರೂ ಗಿರಾಕಿಗೆ ಯಾವುದು ಹೊಂದುತ್ತೋ ಅದನ್ನೇ ಹೇಳಬೇಕು.

ತಗೊಳ್ಳುವಾಗ ಮೊದಲು ತಾರೀಖು ನೋಡಿ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ. 1425 ಅಂತಿದ್ದರೆ 2025ರ 14ನೇ ವಾರ ತಯಾರಾಗಿದ್ದು. ಎರಡು ಮೂರು ವರ್ಷ ಗೋಡೌನಿನಲ್ಲಿ ಕೂತಿದ್ದ ಟೈರನ್ನ ಹೊಸದರ ಬೆಲೆಗೆ ತಗೊಳ್ಳಬೇಡಿ. ಎರಡೂ ಟೈರಿನ ತಾರೀಖು ಹತ್ತಿರ ಹತ್ತಿರ ಇರಲಿ. ಬಿಲ್ಲು ಕೇಳಿ ತಗೊಳ್ಳಿ, ಟೈರಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಅದಿಲ್ಲದೆ ವಾರಂಟಿ ಕೇಳೋಕೆ ಹೋದರೆ ಮಾತು ನಡೆಯಲ್ಲ. ತೆರಿಗೆನೂ ನೋಡಿ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರ್, ಟ್ಯೂಬ್ ಮೇಲಿನ ಜಿಎಸ್‌ಟಿ 18 ಪರ್ಸೆಂಟ್‌ನಿಂದ 5ಕ್ಕೆ ಇಳಿದಿದೆ. ಬಿಲ್ಲಲ್ಲಿ 5 ಇದೆಯಾ ನೋಡಿಕೊಳ್ಳಿ.

ಕೆ.ಆರ್. ಪೇಟೆ ಅಕ್ಕ

ರೀಟ್ರೆಡ್ ಟೈರ್ (ಹಳೇ ಟೈರಿಗೆ ಹೊಸ ಹಲ್ಲು ಕೂರಿಸಿದ್ದು) ಅರ್ಧ ಬೆಲೆಗೆ ಸಿಗುತ್ತೆ ಅಂತ ನಮ್ಮೂರಲ್ಲಿ ಬಹಳ ಜನ ಅದನ್ನೇ ಹಾಕಿಸ್ತಾರೆ. ಅದು ಹೇಗೆ?

ಮೈಸೂರು ಟೈರ್ ಕೆಲಸ

ನಿಮ್ಮದೇ ಟೈರ್, ಪಕ್ಕೆಯಲ್ಲಿ ಬಿರುಕಿಲ್ಲ, ಒಳಗೆ ನೂಲು ಕಾಣ್ತಿಲ್ಲ ಅಂದರೆ ಮಾಡಿಸಬಹುದು ಅಕ್ಕಾ, ಹೊಲದ ಕೆಲಸಕ್ಕೆ ನಡೆಯುತ್ತೆ. ಬೇರೆಯವರ ಹಳೇ ಟೈರಿಗೆ ಹಲ್ಲು ಕೂರಿಸಿ ಮಾರೋದನ್ನ ತಗೊಂಡು ಕಬ್ಬಿನ ಲೋಡು ಹೊಡೆಯೋದು ಬೇಡ. ತುಂಬಿದ ಟ್ರೇಲರ್ ಹಿಂದಿರುವಾಗ ಇಳಿಜಾರಲ್ಲಿ ಟೈರ್ ಒಡೆದರೆ ಹೋಗೋದು ಜೀವ.

ಕೊಪ್ಪ ಹೋಬಳಿ ರೈತ

ಕೊನೇ ಪ್ರಶ್ನೆ. ಟೈರಿಗೆ ನೀರು ತುಂಬಿಸಬೇಕಾ? ನಮ್ಮೂರಲ್ಲಿ ಅರ್ಧ ಜನ ತುಂಬಿಸ್ತಾರೆ, ಅರ್ಧ ಜನ ಬೇಡ ಅಂತಾರೆ.

ಅಗ್ರಿ ಎಂಜಿನಿಯರಿಂಗ್ ಮಂಡ್ಯ

ಒಣ ನೆಲದಲ್ಲಿ ಪಲ್ಟಿ ಹೊಡೆಯುವಾಗ ನೀರು ಉಪಯೋಗಕ್ಕೆ ಬರುತ್ತದೆ. 13.6-28ಕ್ಕೆ ಮುಕ್ಕಾಲು ಭಾಗ ತುಂಬಿದರೆ ಇನ್ನೂರು ಲೀಟರಿನ ಆಸುಪಾಸು ಹಿಡಿಯುತ್ತದೆ, ಅಂದರೆ ಒಂದೊಂದು ಚಕ್ರಕ್ಕೂ ಸುಮಾರು ಎರಡು ಕ್ವಿಂಟಾಲ್ ಭಾರ. ವಾಲ್ವ್ ಮೇಲ್ಗಡೆ ಬರುವಂತೆ ಚಕ್ರ ನಿಲ್ಲಿಸಿ, ಗಾಡಿಗೆ ಜಾಕ್ ಕೊಟ್ಟು, ವಾಲ್ವಿನ ಮಟ್ಟಕ್ಕೆ ನೀರು ಬರುವವರೆಗೆ ತುಂಬಿಸಿ. ಅದೇ ಮುಕ್ಕಾಲು. ಉಳಿದ ಜಾಗಕ್ಕೆ ಗಾಳಿ. ಪೂರ್ತಿ ತುಂಬಿಸಿದರೆ ಟೈರಿಗೆ ಬಾಗುವ ಗುಣವೇ ಹೋಗುತ್ತದೆ.

ಕೆಸರಿಗೆ ಇಳಿಯುವ ಮುಂಚೆ ನೀರು ತೆಗೆದುಬಿಡಿ, ಅಲ್ಲಿ ಗಾಡಿ ಹಗುರವಾಗಿದ್ದಷ್ಟೂ ಒಳ್ಳೆಯದು. ಲೋಡು ಹೊಡೆಯುವಾಗಲೂ ಬೇಡ, ಟ್ರೇಲರಿನ ಭಾರವೇ ಸಾಕು. ನಿಮ್ಮ ಕೆಲಸದ ಪಟ್ಟಿ ನೋಡಿದರೆ ಮುಂಗಾರಿನ ಬಾಡಿಗೆ ಉಳುಮೆಗೆ ಮಾತ್ರ ಬೇಕಾಗಬಹುದು. ಗೂಟ ನೆಟ್ಟು ಅಳೆದು, ಜಾರುವುದು 15 ದಾಟಿದರೆ ಮಾತ್ರ ತುಂಬಿಸಿ.

ಮಳವಳ್ಳಿ ಬಾಡಿಗೆ ಗಾಡಿ

ಕೇಜ್ ವೀಲ್ ಕಟ್ಕಂಡು ಡಾಂಬರ್ ರೋಡಿಗೆ ಹತ್ತುಸ್ಬೇಡ ಅಣ್ಣ. ರೋಡೂ ಹಾಳು, ಬೋಲ್ಟೂ ಸಡಿಲಾಯ್ತವೆ. ಗದ್ದೆ ಬದೀಗೆ ಹೋದ್ಮೇಲೆ ಕಟ್ಟು. ಆಮೇಲೆ ಮುಂದಿನ್ ಟೈರ್ ಮರೀಬೇಡ. 6.00-16 ಮೂರು ಪಟ್ಟೀದು ಹಾಕು, ಕೆಸರಲ್ಲಿ ಸ್ಟೇರಿಂಗ್ ತಿರುಗ್ಸುದ್ರೆ ಗಾಡಿ ಮಾತು ಕೇಳ್ತದೆ. ಮುಂದಿನ್ ಟೈರ್ ಒಂದೇ ಕಡೆ ಸವೀತಿದ್ರೆ ಟೈರ್ ಬದ್ಲಾಯ್ಸಿ ಪ್ರಯೋಜ್ನ ಇಲ್ಲ, ಅಲೈನ್‌ಮೆಂಟ್ ನೋಡುಸ್ಬೇಕು.

ಕೊಪ್ಪ ಹೋಬಳಿ ರೈತ

ಆಯ್ತು ಅಣ್ಣ. ಮುಂದಿನದು ಇನ್ನೂ ಚೆನ್ನಾಗಿದೆ, ಒಂದೇ ಸಮ ಸವೆದಿದೆ. ಭಾನುವಾರ ಮಂಡ್ಯಕ್ಕೆ ಹೋಗಿ ಹಿಂದಿನ ಜೋಡಿ, ಎರಡು ಹೊಸ ಟ್ಯೂಬ್ ತಗೊಂಡು ಬರ್ತೀನಿ. ಭಾವನಿಗೆ ಈ ಮಾತೆಲ್ಲ ಓದಿ ಹೇಳಿದೆ. ಕೂಳೆ ಮೋಟಿನ ವಿಷಯ ಕೇಳಿ ಅವರೂ ಒಪ್ಪಿದರು.

ಮೈಸೂರು ಟೈರ್ ಕೆಲಸ

ಫಿಟ್ಟಿಂಗ್ ಮಾಡಿಸುವಾಗ ನೀವು ಅಲ್ಲೇ ನಿಂತಿರಿ. ರಿಮ್ ಒಳಗಿನ ತುಕ್ಕು ಉಜ್ಜಿ ತೆಗೆದು ಬಣ್ಣ ಹೊಡೆದ ಮೇಲೇ ಟೈರ್ ಏರಿಸಲಿ. ಟ್ಯೂಬಿಗೆ ಪೌಡರ್ ಹಾಕಲಿ. ಪಕ್ಕೆಯಲ್ಲಿರೋ ಬಾಣದ ಗುರುತು ಗಾಡಿ ಮುಂದಕ್ಕೆ ಹೋಗೋ ದಿಕ್ಕಿಗೇ ಇರಬೇಕು. ಹಲ್ಲುಗಳ ಚೂಪು ಮೊದಲು ನೆಲ ಮುಟ್ಟಬೇಕು. ತಿರುವುಮುರುವಾಗಿ ಕೂರಿಸಿದರೆ ಕೆಸರು ಹೊರಗೆ ಹೋಗೋ ಬದಲು ನಡುವಿಗೆ ಬಂದು ಕಟ್ಟಿಕೊಳ್ಳುತ್ತೆ. ಮೊದಲ ದಿನ ಒಂದೆರಡು ಗಂಟೆ ಕೆಲಸ ಆದ ಮೇಲೆ ಚಕ್ರದ ನಟ್ಟುಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿ, ಮಾರನೇ ದಿನ ಮತ್ತೊಂದು ಸಲ.